ಶಾಸಕರು ಒಪ್ಪಿಸಬೇಕಾದ ಲೆಕ್ಕ

ಆಯ್ಕೆಯಾಗಿ ಒಂದು ವರ್ಷವೋ ಎರಡು ವರ್ಷವೋ ತುಂಬಿದಾಗ ಶಾಸಕರು ತಮ್ಮ ಸಾಧನೆಗಳ ಕಿರುಹೊತ್ತಗೆಯನ್ನು ಅಚ್ಚು ಹಾಕಿಸಿ ಹಂಚುವ ಪದ್ಧತಿ ನಮ್ಮ ರಾಜ್ಯದಲ್ಲಿ ಬೇರೂರಿದೆ. ಪಕ್ಷ ಯಾವುದೇ ಇರಲಿ, ಒಳಗಿನ ವಿಷಯ ಹೆಚ್ಚುಕಡಿಮೆ ಒಂದೇ. ಇಷ್ಟು ಕಿಲೋಮೀಟರ್ ಕಾಂಕ್ರೀಟ್ ರಸ್ತೆ, ಇಷ್ಟು ಕೊಳವೆಬಾವಿ, ಇಷ್ಟು ಶುದ್ಧ ನೀರಿನ ಘಟಕ, ಇಷ್ಟು ಸಮುದಾಯ ಭವನ, ಇಷ್ಟು ಹೈಮಾಸ್ಟ್ ದೀಪ. ಇವೆಲ್ಲವೂ ಜನರಿಗೆ ಬೇಕಾದವುಗಳೇ. ಅವನ್ನು ತಂದವರಿಗೆ ಕೃತಜ್ಞತೆ ಸಲ್ಲಬೇಕು. ಆದರೆ ಶಾಸನಸಭೆಗೆ ಹೋದವರು ಶಾಸನದ ವಿಷಯದಲ್ಲಿ ಏನು ಮಾಡಿದರು ಎಂಬುದಕ್ಕೆ ಅಂಥ ಹೊತ್ತಗೆಗಳಲ್ಲಿ ಒಂದು ಪುಟ ದೊರೆಯುವುದೂ ಅಪರೂಪ. ಯಾವ ಮಸೂದೆಯ ಮೇಲೆ ಮಾತನಾಡಿದರು, ಯಾವುದನ್ನು ಒಪ್ಪಿದರು, ಯಾವುದನ್ನು ವಿರೋಧಿಸಿದರು, ಸರ್ಕಾರಕ್ಕೆ ಯಾವ ಪ್ರಶ್ನೆ ಕೇಳಿದರು ಎಂಬುದನ್ನು ಹೇಳದ ಲೆಕ್ಕವು ಶಾಸಕರ ಲೆಕ್ಕವಾಗಲಾರದು ಎಂಬುದು ನಮ್ಮ ಅಭಿಪ್ರಾಯ.

ಈ ಮಾತನ್ನು ಯಾವ ಪಕ್ಷವನ್ನೂ ಕುರಿತು ನಾವು ಹೇಳುತ್ತಿಲ್ಲ. 2023ರ ಚುನಾವಣೆಯಲ್ಲಿ ಚಿಕ್ಕಬಳ್ಳಾಪುರ ಮತ್ತು ಚಿಂತಾಮಣಿಯ ಮತದಾರರು ಕಾಂಗ್ರೆಸ್ಸನ್ನೂ ಶಿಡ್ಲಘಟ್ಟದವರು ಜನತಾದಳವನ್ನೂ ಗೌರಿಬಿದನೂರಿನವರು ಪಕ್ಷೇತರರನ್ನೂ ಆರಿಸಿದರು. ನೆರೆಹೊರೆಯ ನಾಲ್ಕು ಕ್ಷೇತ್ರಗಳು ಮೂರು ದಾರಿ ಹಿಡಿದಿರುವಾಗ, ಲೆಕ್ಕ ಕೇಳುವ ಕರ್ತವ್ಯ ಮಾತ್ರ ನಾಲ್ಕೂ ಕಡೆ ಒಂದೇ ಆಗಿದೆ.

ಜನರ ಮುಂದೆ ಲೆಕ್ಕ ಒಪ್ಪಿಸುವ ಸಂಪ್ರದಾಯ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನದ ದಿವಾನ ರಂಗಾಚಾರ್ಲು ಅವರು 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದಾಗ ಅದರಲ್ಲಿ 144 ಮಂದಿ ಸದಸ್ಯರಿದ್ದರು. ಅವರಿಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಆದರೂ ದಸರೆಯ ಸಮಯದಲ್ಲಿ ಅವರೆಲ್ಲ ಸೇರಿದಾಗ ದಿವಾನರು ಹಿಂದಿನ ವರ್ಷದ ಆಡಳಿತದ ವಿವರವನ್ನು ಅವರ ಮುಂದೆ ಓದುತ್ತಿದ್ದರು, ಅವರ ಅಹವಾಲುಗಳನ್ನು ಕೇಳುತ್ತಿದ್ದರು. ನಮ್ಮ ಮುದ್ದೇನಹಳ್ಳಿಯ ಮಗ ವಿಶ್ವೇಶ್ವರಯ್ಯನವರೂ 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಆ ಸಭೆಗೆ ವರದಿ ಒಪ್ಪಿಸಿದವರೇ. ಅನಂತರದ ಪೀಳಿಗೆ ಇಷ್ಟಕ್ಕೆ ತೃಪ್ತಿಪಡದೆ ಜವಾಬ್ದಾರಿ ಸರ್ಕಾರ ಬೇಕೆಂದು ಹೋರಾಡಿತು. ಆ ಹೋರಾಟದ ಕಾಲದಲ್ಲಿ, 1938ರ ಏಪ್ರಿಲ್ 25ರಂದು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರು ಪೊಲೀಸರ ಗುಂಡಿಗೆ ಬಲಿಯಾದರು. ಜವಾಬ್ದಾರಿ ಎಂದರೆ ಜವಾಬು ಹೇಳುವ ಹೊಣೆ. ಜವಾಬು ಹೇಳುವ ಸರ್ಕಾರಕ್ಕಾಗಿ ರಕ್ತ ಹರಿದ ನೆಲದಲ್ಲಿ ನಾವು ವಾಸಿಸುತ್ತಿದ್ದೇವೆ ಎಂಬುದನ್ನು ಮರೆಯಬಾರದು.

ಹಾಗಾದರೆ ಶಾಸಕರಿಂದ ಯಾವ ಜವಾಬನ್ನು ಕೇಳಬೇಕು? ಧರ್ಮಸಭೆಯ ಮಹಾಪಂಡಿತ ಸಂತ ತೋಮಾಸ್ ಅಕ್ವಿನಾಸರು ಕಾನೂನಿನ ಲಕ್ಷಣವನ್ನು ವಿವರಿಸುವಾಗ ನಾಲ್ಕು ಅಂಶಗಳನ್ನು ಗುರುತಿಸಿದ್ದಾರೆ. ಕಾನೂನು ವಿವೇಕದಿಂದ ಹುಟ್ಟಿದ ಕಟ್ಟಳೆಯಾಗಿರಬೇಕು. ಸರ್ವರ ಹಿತ ಅದರ ಗುರಿಯಾಗಿರಬೇಕು. ಸಮಾಜದ ಹೊಣೆ ಹೊತ್ತವರಿಂದ ಅದು ಬಂದಿರಬೇಕು. ಪಾಲಿಸಬೇಕಾದ ಜನರಿಗೆ ಅದನ್ನು ತಿಳಿಯಪಡಿಸಿರಬೇಕು. ಏಳುನೂರು ವರ್ಷಗಳ ಹಿಂದಿನ ಈ ವಿಚಾರ ಇಂದಿನ ನಮ್ಮ ತಾಲ್ಲೂಕುಗಳಿಗೂ ಒಪ್ಪುವ ಒರೆಗಲ್ಲಾಗಿದೆ.

ಮೊದಲು ಒಳ್ಳೆಯ ಉದಾಹರಣೆಯೊಂದನ್ನು ನೋಡೋಣ. ರೇಷ್ಮೆಯ ಮೊಟ್ಟೆ ಮತ್ತು ಗೂಡುಗಳ ಉತ್ಪಾದನೆ, ಮಾರಾಟಗಳನ್ನು ನಿಯಂತ್ರಿಸುವ ಕಾಯ್ದೆ 1959ರದು. ಆ ಕಾಯ್ದೆಯ ಮತ್ತು ಅನಂತರದ ತಿದ್ದುಪಡಿಗಳ ನೆರಳಿನಲ್ಲಿಯೇ ಶಿಡ್ಲಘಟ್ಟದ ಸರ್ಕಾರಿ ಗೂಡಿನ ಮಾರುಕಟ್ಟೆ ನಡೆಯುತ್ತಿದೆ. ರಾಮನಗರದ ಮಾರುಕಟ್ಟೆಯೊಡನೆ ಹೆಸರಿಸಲಾಗುವ ಮಾರುಕಟ್ಟೆ ಅದು. ರೈತನು ತನ್ನ ಗೂಡನ್ನು ದಲ್ಲಾಳಿಯ ಕಣ್ಣಂದಾಜಿಗೆ ಒಪ್ಪಿಸದೆ, ಹಲವು ರೀಲರುಗಳ ಮುಂದೆ ಬಹಿರಂಗ ಹರಾಜಿಗಿಟ್ಟು, ಸರ್ಕಾರದ ತಕ್ಕಡಿಯಲ್ಲಿ ತೂಗಿಸಿ ಮಾರಬಲ್ಲನು. ಈ ವ್ಯವಸ್ಥೆಯಲ್ಲಿ ಕುಂದುಕೊರತೆಗಳಿಲ್ಲವೆಂದಲ್ಲ. ಆದರೆ ಹಿಪ್ಪುನೇರಳೆ ಬೆಳೆಯುವ ಸಾವಿರಾರು ಮನೆಗಳು ಆರು ದಶಕಗಳಿಂದ ಈ ರಕ್ಷಣೆಯನ್ನು ಅನುಭವಿಸುತ್ತಿವೆ. ಅಂದಿನ ಶಾಸಕರು ಉದ್ಘಾಟಿಸಿದ ಕಟ್ಟಡಗಳಲ್ಲಿ ಎಷ್ಟೋ ಇಂದು ಶಿಥಿಲವಾಗಿವೆ. ಅವರು ಮಾಡಿದ ಕಾನೂನು ಇನ್ನೂ ಕೆಲಸ ಮಾಡುತ್ತಿದೆ.

ಇನ್ನು ನೀರಿನ ವಿಷಯ. ನಮ್ಮ ಜಿಲ್ಲೆಯ ತಾಲ್ಲೂಕುಗಳು ಅಂತರ್ಜಲವನ್ನು ಮಿತಿಮೀರಿ ಬಳಸಿದ ಪ್ರದೇಶಗಳ ಪಟ್ಟಿಯಲ್ಲಿವೆ. ಸಾವಿರ ಅಡಿ ದಾಟಿದರೂ ಕೊಳವೆಬಾವಿಯಲ್ಲಿ ಧೂಳು ಬರುವುದನ್ನು ಕಾಣದ ಹಳ್ಳಿ ವಿರಳ. ಇಂಥ ಪ್ರದೇಶಗಳಿಗಾಗಿಯೇ ರಾಜ್ಯವು 2011ರಲ್ಲಿ ಅಂತರ್ಜಲ ನಿಯಂತ್ರಣ ಕಾಯ್ದೆಯನ್ನು ಮಾಡಿತು. ಅಧಿಸೂಚಿತ ಪ್ರದೇಶಗಳಲ್ಲಿ ಅನುಮತಿಯಿಲ್ಲದೆ ಹೊಸದಾಗಿ ಬಾವಿ ತೋಡುವಂತಿಲ್ಲ. ಹೀಗಿರುವಾಗ ಕೊರೆಸಿದ ಕೊಳವೆಬಾವಿಗಳ ಸಂಖ್ಯೆಯನ್ನು ಸಾಧನೆಯೆಂದು ಎಣಿಸುವ ಶಾಸಕರು, ತಾವು ಕುಳಿತ ಸದನವೇ ಮಾಡಿದ ಈ ಕಾಯ್ದೆ ಎಷ್ಟರಮಟ್ಟಿಗೆ ಪಾಲನೆಯಾಗಿದೆ ಎಂದು ಸದನದಲ್ಲಿ ಎಷ್ಟು ಸಲ ವಿಚಾರಿಸಿದ್ದಾರೆ? ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಎರಡನೇ ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತವೂ ಆಗಬೇಕು ಎಂಬ ಕೂಗು ಜಿಲ್ಲೆಯಲ್ಲಿ ಎದ್ದಿದೆ. ಇದಕ್ಕೆ ಸರ್ಕಾರದಿಂದ ಲಿಖಿತ ಉತ್ತರ ಪಡೆಯುವ ಅಧಿಕಾರ ಶಾಸಕರಿಗುಂಟು, ನಮಗಿಲ್ಲ.

ಭೂಮಿಯ ವಿಷಯ ಇದಕ್ಕಿಂತ ಗಂಭೀರವಾದುದು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದನ್ನು ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ವಿಧಿಗಳನ್ನು 2020ರ ಜುಲೈನಲ್ಲಿ ಸುಗ್ರೀವಾಜ್ಞೆಯ ಮೂಲಕ ತೆಗೆದುಹಾಕಲಾಯಿತು. ಸೆಪ್ಟೆಂಬರಿನಲ್ಲಿ ವಿಧಾನಸಭೆಯೂ ಡಿಸೆಂಬರಿನಲ್ಲಿ ವಿಧಾನ ಪರಿಷತ್ತೂ ಇದಕ್ಕೆ ಒಪ್ಪಿಗೆ ನೀಡಿದವು. ರೈತನಿಗೆ ಒಳ್ಳೆಯ ಬೆಲೆ ದೊರೆಯುತ್ತದೆ ಎಂದು ಕೆಲವರು ಸಮರ್ಥಿಸಿದರು. ಸಣ್ಣ ಹಿಡುವಳಿಗಳು ಹಣವಂತರ ಪಾಲಾಗುತ್ತವೆ ಎಂದು ಕೆಲವರು ಎಚ್ಚರಿಸಿದರು. ಎರಡು ವಾದಗಳಲ್ಲಿಯೂ ತೂಕವಿದೆ. ಬೆಂಗಳೂರಿಗೆ ಇಷ್ಟು ಹತ್ತಿರವಿರುವ, ನಂದಿಬೆಟ್ಟದ ತಪ್ಪಲಿನ ನಮ್ಮ ಹಳ್ಳಿಗಳಿಗೆ ಈ ಒಂದು ತಿದ್ದುಪಡಿ ಯಾವುದೇ ರಸ್ತೆ ಕಾಮಗಾರಿಗಿಂತ ದೊಡ್ಡ ಸಂಗತಿ. ಅಂದು ನಮ್ಮ ಪ್ರತಿನಿಧಿ ಏನು ಹೇಳಿದರು ಎಂದು ಎಷ್ಟು ಮನೆಗಳಲ್ಲಿ ಚರ್ಚೆಯಾಯಿತು? ಮರುವರ್ಷ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನಕ್ಕೆ ಮತಾಂತರ ನಿಷೇಧ ಮಸೂದೆ ಬಂದಾಗ ನಮ್ಮ ಸಮುದಾಯ ಒಕ್ಕೊರಲಿನಿಂದ ದನಿಯೆತ್ತಿತು. ಅದು ಸರಿಯಾದುದೇ. ಆದರೆ ನಮ್ಮ ಹೆಸರನ್ನು ಮುಟ್ಟಿದ ಕಾನೂನಿಗೆ ಮಾತ್ರ ಎಚ್ಚರವಾಗಿದ್ದು, ನೆರೆಯ ರೈತನ ನೆಲವನ್ನು ಮುಟ್ಟಿದ ಕಾನೂನಿಗೆ ಸುಮ್ಮನಿರುವುದು ಸರ್ವರ ಹಿತವನ್ನು ಬೋಧಿಸುವ ಧರ್ಮಸಭೆಯ ಮಕ್ಕಳಿಗೆ ಒಪ್ಪತಕ್ಕದ್ದಲ್ಲ.

ಅಕ್ವಿನಾಸರ ನಾಲ್ಕನೆಯ ಅಂಶ, ಅಂದರೆ ಜನರಿಗೆ ತಿಳಿಯಪಡಿಸುವುದು, ಇಂದು ತೀರ ಹಿಂದೆ ಬಿದ್ದಿದೆ. 2025ರ ಫೆಬ್ರವರಿಯಲ್ಲಿ ಕಿರುಸಾಲ ವಸೂಲಿಯ ಕಿರುಕುಳವನ್ನು ತಡೆಯಲು ಸುಗ್ರೀವಾಜ್ಞೆ ಬಂದು, ಮಾರ್ಚಿನಲ್ಲಿ ಸದನದ ಒಪ್ಪಿಗೆ ಪಡೆಯಿತು. ಬಲಾತ್ಕಾರದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸವನ್ನೂ 5 ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಬಹುದು. ವಾರದ ಕಂತಿನ ಭಯದಲ್ಲಿ ಬದುಕುವ ತಾಯಂದಿರು ನಮ್ಮ ಊರುಗಳಲ್ಲಿ ಅನೇಕರಿದ್ದಾರೆ. ಇಂಥ ರಕ್ಷಣೆಯೊಂದಿದೆ ಎಂಬುದು ಅವರ ಕಿವಿಗೆ ಬೀಳದಿದ್ದರೆ ಆ ಕಾನೂನು ಇದ್ದೂ ಇಲ್ಲದಂತೆಯೇ. ಶಾಸಕರ ಹೊತ್ತಗೆಯಲ್ಲಿ ಸನ್ಮಾನದ ಚಿತ್ರಗಳಿಗೆ ಕೊಟ್ಟ ಜಾಗದಲ್ಲಿ ಇದರ ವಿವರ ಅಚ್ಚಾಗಿದ್ದರೆ ಎಷ್ಟೋ ಮನೆಗಳಿಗೆ ಧೈರ್ಯ ಬರುತ್ತಿತ್ತು.

ವಿವೇಕದಿಂದ ಕಾನೂನು ಹುಟ್ಟಬೇಕಾದರೆ ಚರ್ಚೆಗೆ ಸಮಯ ಬೇಕು. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು ನಮ್ಮ ವಿಧಾನಮಂಡಲವೇ 2005ರಲ್ಲಿ ಕಾಯ್ದೆ ಮಾಡಿಕೊಂಡಿತು. ಆ ಸಂಖ್ಯೆಯನ್ನು ಮುಟ್ಟದ ವರ್ಷಗಳೇ ಹೆಚ್ಚು. ತಾನು ಮಾಡಿದ ಕಟ್ಟಳೆಯನ್ನು ತಾನೇ ಪಾಲಿಸದ ಮನೆ ಇತರರಿಗೆ ಪಾಲನೆ ಕಲಿಸುವುದು ಹೇಗೆ? ಸದನ ಸೇರದ ಕಾಲದಲ್ಲಿ ತುರ್ತಿಗಾಗಿ ಮಾತ್ರ ಸಂವಿಧಾನದ 213ನೇ ವಿಧಿ ಒದಗಿಸಿರುವ ಸುಗ್ರೀವಾಜ್ಞೆ ಸಾಮಾನ್ಯ ಹಾದಿಯಾಗುವುದಕ್ಕೂ ಇದೇ ಎಡೆಮಾಡಿಕೊಡುತ್ತದೆ. 2025ರ ಮಾರ್ಚ್ 21ರಂದು ಶಾಸಕರ ಮಾಸಿಕ ವೇತನವನ್ನು 40 ಸಾವಿರ ರೂಪಾಯಿಗಳಿಂದ 80 ಸಾವಿರಕ್ಕೆ ಏರಿಸುವ ಮಸೂದೆ ಗದ್ದಲದ ನಡುವೆ, ಚರ್ಚೆಯಿಲ್ಲದೆ ಅಂಗೀಕಾರವಾಯಿತು. ವೇತನ ಏರಿಕೆಯೇ ತಪ್ಪೆಂದು ನಾವು ಹೇಳುವುದಿಲ್ಲ. ಚರ್ಚೆಯಿಲ್ಲದ ಅಂಗೀಕಾರ ತಪ್ಪು. ಇನ್ನೊಂದು ಸಂಗತಿ ಬಹಳ ಮಂದಿಗೆ ತಿಳಿಯದು. ಹೆಚ್ಚಿನ ಮಸೂದೆಗಳು ಧ್ವನಿಮತದಿಂದ ಅಂಗೀಕಾರವಾಗುತ್ತವೆ. ಯಾರು ಪರ, ಯಾರು ವಿರೋಧ ಎಂಬ ಹೆಸರಿನ ದಾಖಲೆ ಉಳಿಯುವುದಿಲ್ಲ. ಆದುದರಿಂದ ತಮ್ಮ ನಿಲುವನ್ನು ಶಾಸಕರೇ ಬಾಯಿಬಿಟ್ಟು ಹೇಳಿದ ಹೊರತು ಮತದಾರನಿಗೆ ತಿಳಿಯುವ ಬಗೆಯಿಲ್ಲ.

ಇದಕ್ಕೆ ಆಕ್ಷೇಪವೊಂದು ಬರಬಹುದು. ಬಾಯಾರಿದವನಿಗೆ ಬೇಕಾದುದು ನೀರಿನ ಟ್ಯಾಂಕರೇ ಹೊರತು ಮಸೂದೆಯ ಚರ್ಚೆಯಲ್ಲ. ಕಚೇರಿಗಳಲ್ಲಿ ಬಡವನ ಕೆಲಸ ಆಗದಿರುವಾಗ ಶಾಸಕರ ಮನೆಯ ಬಾಗಿಲಲ್ಲದೆ ಅವನಿಗೆ ಬೇರೆ ಬಾಗಿಲೆಲ್ಲಿ ಎಂದು ಕೇಳಬಹುದು. ಇದು ಸುಳ್ಳಲ್ಲ. ಬೆಳಗಿನ ಆರು ಗಂಟೆಗೇ ಅರ್ಜಿ ಹಿಡಿದು ನಿಂತವರನ್ನು ಕಾಣುವ ಶಾಸಕರ ಶ್ರಮವನ್ನು ನಾವು ಹಗುರವಾಗಿ ನೋಡುವುದಿಲ್ಲ. ಆದರೆ ರಸ್ತೆ, ಚರಂಡಿ, ದೀಪಗಳಿಗಾಗಿ ಗ್ರಾಮ ಪಂಚಾಯಿತಿಯೂ ನಗರಸಭೆಯೂ ಇವೆ. ಅವರ ಕೆಲಸವನ್ನು ಶಾಸಕರು ಮಾಡಬಹುದು. ಶಾಸಕರ ಕೆಲಸವನ್ನು ಅವರು ಮಾಡಲಾರರು. ಕಚೇರಿಗಳಲ್ಲಿ ಬಡವನ ಅರ್ಜಿ ಏಕೆ ನಿಲ್ಲುತ್ತದೆ ಎಂದು ಸದನದಲ್ಲಿ ಕೇಳಿ ಸರಿಪಡಿಸಿದರೆ ಶಾಸಕರ ಬಾಗಿಲಿನ ಸಾಲೂ ಕಿರಿದಾಗುತ್ತದೆ.

ಇಲ್ಲಿ ನಮ್ಮ ಕುಟುಂಬಗಳೂ ಯೋಚಿಸಬೇಕಾದುದಿದೆ. ಈ ನಾಲ್ಕು ತಾಲ್ಲೂಕುಗಳಲ್ಲಿ ನಮ್ಮ ಸಂಖ್ಯೆ ಚಿಕ್ಕದು. ಶಾಸಕರು ಕ್ರಿಸ್ಮಸ್ ಶುಭಾಶಯ ಹೇಳಲು ದೇವಾಲಯಕ್ಕೆ ಬಂದಾಗ ಸ್ಮಶಾನದ ಕಾಂಪೌಂಡು, ಸಮುದಾಯ ಭವನ, ದೇವಾಲಯದ ದಾರಿ, ಈ ಮೂರನ್ನೇ ಕೇಳಿದರೆ ಅವರಿಗೆ ಕಂತ್ರಾಟುದಾರರ ಕೆಲಸವನ್ನು ಕಲಿಸಿದವರು ನಾವೇ ಆಗುತ್ತೇವೆ. ಮುಂದಿನ ಬಾರಿ ಇನ್ನೆರಡು ಪ್ರಶ್ನೆಗಳನ್ನೂ ಸೇರಿಸೋಣ. ಕಳೆದ ಅಧಿವೇಶನದಲ್ಲಿ ತಾವು ಯಾವ ಪ್ರಶ್ನೆ ಕೇಳಿದಿರಿ, ಬಂದ ಉತ್ತರವೇನು? ನಮ್ಮ ನೀರು, ನೆಲ, ರೇಷ್ಮೆಗೆ ಸಂಬಂಧಿಸಿದ ಯಾವ ಮಸೂದೆಯ ಮೇಲೆ ಮಾತನಾಡಿದಿರಿ? ಶಾಸಕರ ಪ್ರಶ್ನೆಗಳೂ ಸರ್ಕಾರದ ಉತ್ತರಗಳೂ ವಿಧಾನಸಭೆಯ ಜಾಲತಾಣದಲ್ಲಿ ದೊರೆಯುತ್ತವೆ. ಕಾಲೇಜು ಓದುವ ಮಕ್ಕಳಿಗೆ ಅದನ್ನು ತೆಗೆದು ಓದಲು ಹೇಳಿರಿ. ಒಂದು ಭಾನುವಾರ ಬಲಿಪೂಜೆಯ ನಂತರ ಧರ್ಮಕೇಂದ್ರದ ಯುವಜನರು ನೆರೆಯ ಸಹೋದರರನ್ನೂ ಕೂಡಿಸಿಕೊಂಡು ಅವನ್ನು ಓದಿ ವಿವರಿಸಿದರೆ ಅದೂ ಒಂದು ಸೇವೆಯೇ ಸರಿ.

ರಾಜಕಾರಣಿಗಳ ಪಾಲಕ ಸಂತರೆಂದು ಎರಡನೇ ಜಾನ್ ಪೌಲ್ ಜಗದ್ಗುರುಗಳು 2000ದಲ್ಲಿ ಘೋಷಿಸಿದ ಸಂತ ತೋಮಸ್ ಮೋರ್ ಅವರು 1523ರಲ್ಲಿ ಇಂಗ್ಲೆಂಡಿನ ಜನಪ್ರತಿನಿಧಿ ಸಭೆಯ ಅಧ್ಯಕ್ಷರಾಗಿದ್ದರು. ಸದಸ್ಯರು ಭಯವಿಲ್ಲದೆ ಮನಸ್ಸಿನ ಮಾತನ್ನಾಡಲು ಅವಕಾಶ ಬೇಕೆಂದು ಅವರು ಅರಸನನ್ನು ಬೇಡಿದರು. ನಮ್ಮ ಶಾಸಕರಿಗೆ ಆ ಅವಕಾಶವನ್ನು ಸಂವಿಧಾನವೇ ಕೊಟ್ಟಿದೆ. ಅದನ್ನು ಹೇಗೆ ಬಳಸಿದರೆಂಬ ಲೆಕ್ಕವನ್ನು ಅವರು ಒಪ್ಪಿಸಲಿ. ಯಜಮಾನನು ತನ್ನ ಮೇಲ್ವಿಚಾರಕನಿಂದ ಲೆಕ್ಕ ಕೇಳಿದ ಶುಭಸಂದೇಶದ ಸಾಮತಿಯನ್ನು ಬಲ್ಲ ನಾವು ಅದನ್ನು ವಿನಯದಿಂದಲೂ ತಪ್ಪದೆಯೂ ಕೇಳೋಣ.