ಎಲ್ಲರಿಗೂ ಕಡ್ಡಾಯ, ಯಾರಿಗೂ ಬೇಡ

ಕಾಶಿಗೆ ಹೋದ ಕನ್ನಡಿಗರು ವಿಶ್ವನಾಥನ ದರ್ಶನ ಮುಗಿಸಿ, ದಶಾಶ್ವಮೇಧ ಘಾಟಿನ ಆರತಿ ನೋಡಿ, ಹೆಚ್ಚೆಂದರೆ ಮೈಸೂರು ಸಂಸ್ಥಾನದ ನೆನಪು ಉಳಿಸಿಕೊಂಡಿರುವ ಕರ್ನಾಟಕ ಘಾಟಿಗೊಮ್ಮೆ ಹೋಗಿ ಹಿಂದಿರುಗುತ್ತಾರೆ. ಭೇಲೂಪುರದಲ್ಲಿ ನಿಲ್ಲುವವರು ಕಡಿಮೆ. ನಿಂತರೆ ಅವರು ಬಹುಮಟ್ಟಿಗೆ ಜೈನ ಯಾತ್ರಿಕರು. ಪಾರ್ಶ್ವನಾಥ ತೀರ್ಥಂಕರ ಹುಟ್ಟಿದ್ದು ಇಲ್ಲೇ ಎಂಬುದು ಅವರ ನಂಬಿಕೆ. ಅದೇ ಬಡಾವಣೆಯಲ್ಲಿ ಇನ್ನೊಂದು ಹಳೆಯ ಸ್ಥಳವಿದೆ, ಅದನ್ನು ನೋಡಲು ಯಾರೂ ಬರುವುದಿಲ್ಲ. ಅದು ನಗರದ ನೀರು ಶುದ್ಧೀಕರಣ ಘಟಕ. ಭದೈನಿಯ ಬಳಿ ಗಂಗೆಯಿಂದ ಎತ್ತಿದ ನೀರು ಇಲ್ಲಿಗೆ ಬಂದು, ಸೋಸಿಕೊಂಡು, ಊರಿನ ನಲ್ಲಿಗಳಿಗೆ ಹೋಗುತ್ತದೆ. 19ನೇ ಶತಮಾನದ ಕೊನೆಯ ದಶಕದಿಂದಲೂ ಈ ಏರ್ಪಾಡು ಇದೆ.

ಇಲ್ಲಿಂದ ಎರಡು-ಮೂರು ಕಿಲೋಮೀಟರ್ ದಕ್ಷಿಣಕ್ಕೆ ಬನಾರಸ್ ಹಿಂದೂ ವಿಶ್ವವಿದ್ಯಾಲಯ. ಭೇಲೂಪುರದ ಯಾವುದೋ ಗಲ್ಲಿಯಲ್ಲಿ ಬಾಡಿಗೆ ಕೋಣೆ ಹಿಡಿದು ಓದುವ ಹುಡುಗನೊಬ್ಬನನ್ನು ಊಹಿಸಿಕೊಳ್ಳಬಹುದು. ಅವನು ರಸಾಯನಶಾಸ್ತ್ರದವನಾದರೆ ಕ್ಲೋರಿನ್ ಏನು ಮಾಡುತ್ತದೆ ಎಂದು ಗೊತ್ತು. ಇತಿಹಾಸದವನಾದರೆ ವಸಾಹತು ಕಾಲದ ಪುರಸಭೆಗಳ ವಿಚಾರ ಗೊತ್ತು. ಸಂಸ್ಕೃತದವನಾದರೆ ಗಂಗೆಯ ಸ್ತೋತ್ರಗಳು ಬಾಯಿಗೆ ಬರುತ್ತವೆ. ಆದರೆ ಬೆಳಗ್ಗೆ ತಾನು ಮುಖಕ್ಕೆ ಹಾಕಿಕೊಂಡ ನೀರು ಎಲ್ಲಿಂದ ಬಂತು, ಬಚ್ಚಲಿನಿಂದ ಹೋದದ್ದು ಎಲ್ಲಿ ಸೇರುತ್ತದೆ, ಅದಕ್ಕೆ ಯಾರು ಹೊಣೆ ಎಂದು ಮೂವರಲ್ಲಿ ಯಾರನ್ನು ಕೇಳಿದರೂ ಉತ್ತರ ಸಿಗುವುದು ಕಷ್ಟ. ಅದು ಯಾವ ವಿಭಾಗದ ಪಠ್ಯವೂ ಅಲ್ಲ. ಪದವಿ ವಿದ್ಯಾರ್ಥಿಗಳೆಲ್ಲರೂ ಓದಬೇಕಾದ ಸಾಮಾನ್ಯ ಪಾಠಗಳು ಇರಬೇಕೇ ಎಂಬ ಪ್ರಶ್ನೆ ಹುಟ್ಟುವುದೇ ಇಂಥ ಕಡೆ.

ಇರಬೇಕು ಎಂದು ಸರ್ಕಾರಗಳು ಬಹಳ ಹಿಂದೆಯೇ ಒಪ್ಪಿವೆ. ಯುಜಿಸಿ 2022ರ ಡಿಸೆಂಬರ್‌ನಲ್ಲಿ ಹೊರಡಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ 120 ಕ್ರೆಡಿಟ್. ಅದರಲ್ಲಿ ಮುಖ್ಯ ವಿಷಯಕ್ಕೆ 60, ಉಪವಿಷಯಕ್ಕೆ 24. ಉಳಿದ 36 ಚೂರುಚೂರಾಗಿ ಹಂಚಿಹೋಗಿವೆ: ಬಹುಶಿಸ್ತೀಯ ಕೋರ್ಸುಗಳಿಗೆ 9, ಭಾಷೆಗೆ 8, ಕೌಶಲಕ್ಕೆ 9, ಮೌಲ್ಯವರ್ಧಿತ ಎಂಬ ಹೆಸರಿನ ಕೋರ್ಸುಗಳಿಗೆ 6ರಿಂದ 8, ಇಂಟರ್ನ್‌ಶಿಪ್‌ಗೆ 2ರಿಂದ 4. ಕಾಗದದ ಮೇಲೆ ಇದರಲ್ಲಿ ಇಲ್ಲದ್ದೇ ಇಲ್ಲ. ಪರಿಸರವಿದೆ, ಸಂವಿಧಾನವಿದೆ, ಯೋಗವಿದೆ, ಡಿಜಿಟಲ್ ತಿಳಿವಳಿಕೆಯೂ ಇದೆ.

ಕರ್ನಾಟಕ 2021-22ರಲ್ಲೇ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿಯನ್ನು ಜಾರಿಗೆ ತಂದಿತು. 2024ರಲ್ಲಿ ಅದನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಇಷ್ಟೂ ಕಾಲ ಜಗಳವಾಡಿದ್ದು ಮೂರು ವರ್ಷವೋ ನಾಲ್ಕು ವರ್ಷವೋ, ಯಾವ ಪಕ್ಷದ ನೀತಿ, ಯಾವ ವಿಭಾಗಕ್ಕೆ ಎಷ್ಟು ವರ್ಕ್‌ಲೋಡ್ ಎಂಬುದರ ಮೇಲೆ. ಪದವಿಯಲ್ಲಿ ಕನ್ನಡ ಕಡ್ಡಾಯ ಎಂಬ 2021ರ ಆದೇಶ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಆದರೆ ಆ ಕಡ್ಡಾಯದ ತರಗತಿಯೊಳಗೆ ಏನು ನಡೆಯಬೇಕು, ಪಾಠ ಮಾಡುವವರು ಯಾರು ಎಂಬುದು ಈ ಜಗಳಗಳಲ್ಲಿ ಹಿಂದೆಯೇ ಉಳಿಯಿತು.

ಕಡ್ಡಾಯ ಪಾಠದ ಗತಿ ಏನಾಗುತ್ತದೆ ಎಂದು ತಿಳಿಯಲು ಪರಿಸರ ಅಧ್ಯಯನವೊಂದನ್ನೇ ನೋಡಿದರೆ ಸಾಕು. ಅದರ ಬೇರು ಇರುವುದು ಗಂಗೆಯಲ್ಲೇ. ವಕೀಲ ಎಂ. ಸಿ. ಮೆಹ್ತಾ 1985ರಲ್ಲಿ ಗಂಗಾ ಮಾಲಿನ್ಯದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯ 1988ರ ತೀರ್ಪಿನಲ್ಲಿ ನ್ಯಾಯಾಲಯ ಪುರಸಭೆಗಳಿಗೆ ಚರಂಡಿಯ ಹೊಣೆ ನೆನಪಿಸಿತು. ಜತೆಗೆ, ಮೊದಲ ಹತ್ತು ತರಗತಿಗಳಲ್ಲಿ ವಾರಕ್ಕೆ ಕನಿಷ್ಠ ಒಂದು ಗಂಟೆ ಪರಿಸರದ ಪಾಠ ಇರಬೇಕು ಎಂದಿತು. ಅವರದೇ ಇನ್ನೊಂದು ಅರ್ಜಿಯ ಮೇಲೆ 1991ರಲ್ಲಿ ಬಂದ ಆದೇಶ ಈ ಪಾಠವನ್ನು ಕಾಲೇಜುಗಳಿಗೂ ವಿಸ್ತರಿಸಿತು. ಕೊನೆಗೆ ಯುಜಿಸಿ ಎಲ್ಲ ಪದವಿಗಳಿಗೂ ಆರು ತಿಂಗಳ ಕೋರ್ಸನ್ನು ಸಿದ್ಧಪಡಿಸಿತು. ನದಿಯ ದುಃಖ ನ್ಯಾಯಾಲಯ ತಲುಪಿ, ಅಲ್ಲಿಂದ ದೇಶದ ಪ್ರತಿ ಪದವಿ ತರಗತಿಗೂ ಬಂತು ಎಂದರೆ ಸಣ್ಣ ಮಾತಲ್ಲ.

ಬಂದ ಮೇಲೆ ಏನಾಯಿತು ಎಂಬುದು ಪದವಿ ಮಾಡಿದ ಯಾರಿಗಾದರೂ ಗೊತ್ತು. ಪರಿಸರದ ಪೇಪರ್ ಎಂದರೆ ಪರೀಕ್ಷೆಗೆ ನಾಲ್ಕು ದಿನ ಮುಂಚೆ ಕೊಳ್ಳುವ ಗೈಡು. ಅನೇಕ ಕಡೆ ಗೆರೆ ಎಳೆದು ಸರಿ ಉತ್ತರ ಗುರುತಿಸುವ ಪರೀಕ್ಷೆ. ಪಾಸಾದರೆ ಸಾಕು, ರ‍್ಯಾಂಕಿಗೆ ಲೆಕ್ಕವಿಲ್ಲ. ಪಾಠಕ್ಕೆ ಯಾವ ವಿಭಾಗದಲ್ಲಿ ಗಂಟೆ ಕಡಿಮೆ ಬಿದ್ದಿದೆಯೋ ಆ ವಿಭಾಗದವರು, ಇಲ್ಲವೇ ಆ ವರ್ಷ ಸಿಕ್ಕ ಅತಿಥಿ ಉಪನ್ಯಾಸಕರು. ಎರಡು-ಮೂರು ಸೆಕ್ಷನ್ ಸೇರಿಸಿ ಒಂದೇ ಹಾಲಿನಲ್ಲಿ ಕೂರಿಸಿದರೆ ಕೊನೆಯ ಬೆಂಚಿಗೆ ದನಿಯೂ ಕೇಳಿಸದು. ಹಳ್ಳಿಯಲ್ಲಿ ಊರೊಟ್ಟಿನ ಕೆರೆಗೆ ಆಗುವುದೇ ಇಲ್ಲೂ ಆಯಿತು. ನೀರು ಎಲ್ಲರಿಗೂ ಬೇಕು, ಹೂಳೆತ್ತಲು ಯಾರೂ ಇಲ್ಲ.

ಸಂವಿಧಾನದ ಪಾಠ, ಭಾಷೆಯ ಪಾಠ, ಮುಕ್ತ ಆಯ್ಕೆಯ ಪಾಠ ಎಲ್ಲವೂ ಸ್ವಲ್ಪ ಹೆಚ್ಚುಕಡಿಮೆ ಇದೇ ಹಾದಿ ಹಿಡಿದಿವೆ. ಆದ್ದರಿಂದ ಈ ಕೋರ್ಸುಗಳೇ ದಂಡ, ತೆಗೆದುಹಾಕಿ ಎನ್ನುವವರ ಮಾತಿಗೆ ಬಲ ಬರುತ್ತದೆ. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಬೆಳಗ್ಗೆ ಕಾಲೇಜು, ಮಧ್ಯಾಹ್ನದ ಮೇಲೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಬಿ.ಕಾಂ. ಹುಡುಗಿಗೆ ಒಂದು ಗಂಟೆ ವ್ಯರ್ಥವಾದರೆ ಅದು ನಿಜವಾದ ನಷ್ಟ. ಬಸ್ಸಿನ ಖರ್ಚು ಬೇರೆ. ಆದರೆ ತೆಗೆದುಹಾಕಿದರೆ ಮತ್ತೆ ನಷ್ಟವಾಗುವುದು ಅವಳಿಗೇ. ಮನೆಯಲ್ಲಿ ಪುಸ್ತಕವಿರುವ, ಊಟದ ಹೊತ್ತಿಗೆ ಕಾನೂನು ರಾಜಕೀಯ ಮಾತಾಡುವ ಮನೆಯ ಮಕ್ಕಳಿಗೆ ಸಾಮಾನ್ಯ ಶಿಕ್ಷಣ ಹೇಗೋ ಸಿಕ್ಕೀತು. ಅವಳಿಗೆ ಕಾಲೇಜು ಬಿಟ್ಟರೆ ಬೇರೆ ಜಾಗವಿಲ್ಲ.

ಕಡ್ಡಾಯಕ್ಕೆ ಇನ್ನೊಂದು ಅಪಾಯವೂ ಇದೆ. ಭೇಲೂಪುರಕ್ಕೆ ಅಂಟಿಕೊಂಡಂತಿರುವ ಕಮಚ್ಛಾದಲ್ಲೇ ಅದರ ಚರಿತ್ರೆ ಸಿಗುತ್ತದೆ. ಆನಿ ಬೆಸೆಂಟ್ 1898ರಲ್ಲಿ ಆರಂಭಿಸಿದ ಸೆಂಟ್ರಲ್ ಹಿಂದೂ ಕಾಲೇಜು ಬೆಳೆದದ್ದು ಅಲ್ಲಿ, ಮುಂದೆ ಬನಾರಸ್ ವಿಶ್ವವಿದ್ಯಾಲಯ ಮೊಳೆತದ್ದೂ ಆ ಕಾಲೇಜಿನಿಂದಲೇ. ವಿಶ್ವವಿದ್ಯಾಲಯದ 1915ರ ಕಾಯಿದೆಯಲ್ಲಿ ಹಿಂದೂ ವಿದ್ಯಾರ್ಥಿಗಳಿಗೆ ಧರ್ಮಬೋಧೆಯನ್ನು ಕಡ್ಡಾಯ ಮಾಡಲು ಅವಕಾಶವಿತ್ತು. ಜೈನ, ಸಿಖ್ ವಿದ್ಯಾರ್ಥಿಗಳಿಗೆ ಪ್ರತ್ಯೇಕ ನಿಧಿಯಿಂದ ವ್ಯವಸ್ಥೆ ಮಾಡಬಹುದಿತ್ತು. ಸ್ವಾತಂತ್ರ್ಯ ಬಂದ ಮೇಲೆ ಕಾಯಿದೆ ತಿದ್ದುಪಡಿಯಾಗಿ ಅದು ಹೋಯಿತು. ಎಲ್ಲರೂ ಓದಲೇಬೇಕು ಎಂದು ಹೇಳುವ ಅಧಿಕಾರ ಯಾರ ಕೈಯಲ್ಲಿರುತ್ತದೋ ಅವರ ಇಷ್ಟದ ಪಾಠ ಒಳಗೆ ಬರುತ್ತದೆ. ಇಂದು ಮೌಲ್ಯವರ್ಧಿತ ಎಂಬ ಹಣೆಪಟ್ಟಿ ಕಂಡಾಗ ಯಾರ ಮೌಲ್ಯ ಎಂದು ಕೇಳುವುದು ಅನುಮಾನದ ಮಾತಲ್ಲ, ಎಚ್ಚರದ ಮಾತು.

ಈ ಎರಡೂ ತೊಡಕುಗಳನ್ನು ಹತ್ತಿರದಿಂದ ಬಲ್ಲವರೊಬ್ಬರಿದ್ದರು. ಬನಾರಸ್ ಮತ್ತು ಮೈಸೂರು ವಿಶ್ವವಿದ್ಯಾಲಯಗಳೆರಡೂ 1916ರಲ್ಲಿ ಹುಟ್ಟಿದವು, ಎರಡಕ್ಕೂ ನಾಲ್ವಡಿ ಕೃಷ್ಣರಾಜ ಒಡೆಯರೇ ಮೊದಲ ಕುಲಾಧಿಪತಿ. ಮೈಸೂರಿನಲ್ಲಿ 1918ರಿಂದ 1921ರವರೆಗೆ ತತ್ತ್ವಶಾಸ್ತ್ರ ಕಲಿಸಿದ ಸರ್ವೇಪಲ್ಲಿ ರಾಧಾಕೃಷ್ಣನ್ 1939ರಿಂದ 1948ರವರೆಗೆ ಬನಾರಸ್ಸಿನ ಕುಲಪತಿಯಾಗಿದ್ದರು. ಅಲ್ಲಿಂದ ಬಂದವರೇ ವಿಶ್ವವಿದ್ಯಾಲಯ ಶಿಕ್ಷಣ ಆಯೋಗದ ಅಧ್ಯಕ್ಷರಾದರು. ಆಯೋಗದ 1949ರ ವರದಿ, ತಡಮಾಡದೆ ಪದವಿಗಳಲ್ಲಿ ಸಾಮಾನ್ಯ ಶಿಕ್ಷಣವನ್ನು ತರಬೇಕು ಎಂದು ಶಿಫಾರಸು ಮಾಡಿತು. ಧರ್ಮದ ವಿಚಾರದಲ್ಲೂ ಒಂದೇ ಮತದ ಬೋಧೆ ಬೇಡ, ಮೊದಲ ವರ್ಷ ಬುದ್ಧ, ಸಾಕ್ರಟೀಸ್, ಯೇಸು, ಮಹಮ್ಮದ್, ಶಂಕರ, ರಾಮಾನುಜ, ಮಧ್ವ, ಕಬೀರ, ನಾನಕ್ ಮುಂತಾದವರ ಜೀವನ ಓದಲಿ ಎಂದಿತು. ಆಮೇಲೆ ಅಲಿಗಢ ಸೇರಿದಂತೆ ಕೆಲವು ವಿಶ್ವವಿದ್ಯಾಲಯಗಳು ಸಾಮಾನ್ಯ ಶಿಕ್ಷಣದ ಕೋರ್ಸುಗಳನ್ನು ನಡೆಸಿದವು. ದೇಶದಲ್ಲಿ ಅದು ಬೇರೂರಲಿಲ್ಲ. ವಿಶ್ವವಿದ್ಯಾಲಯಗಳಲ್ಲಿ ಮರ್ಯಾದೆ ಇದ್ದದ್ದು ಆನರ್ಸ್ ಪಾಠಕ್ಕೆ, ಎಂ.ಎ. ಪಾಠಕ್ಕೆ, ಸಂಶೋಧನೆಗೆ. ಎಲ್ಲರಿಗೂ ಹೇಳುವ ಪಾಠ ಎಂದರೆ ಕೆಳಗಿನ ಪಾಠ ಎಂಬ ಭಾವನೆ ಇಂದಿಗೂ ಹೋಗಿಲ್ಲ.

ನಿಜವೆಂದರೆ ಅದು ಎಲ್ಲಕ್ಕಿಂತ ಕಷ್ಟದ ಪಾಠ. ತನ್ನ ವಿಷಯದಲ್ಲಿ ಆಸಕ್ತಿಯಿಲ್ಲದ ಅರವತ್ತು ಜನಕ್ಕೆ, ಆ ವಿಷಯ ಅವರ ಬದುಕಿಗೆ ಹೇಗೆ ತಾಗುತ್ತದೆ ಎಂದು ತೋರಿಸಲು ಗಟ್ಟಿ ವಿದ್ವತ್ತು ಬೇಕು. ಮೈಸೂರು ವಿಶ್ವವಿದ್ಯಾಲಯಕ್ಕೆ ಇದು ಒಂದು ಕಾಲದಲ್ಲಿ ಗೊತ್ತಿತ್ತು. ಅದರ ಪ್ರಚಾರೋಪನ್ಯಾಸಗಳಿಗೆ ದೊಡ್ಡ ಪ್ರಾಧ್ಯಾಪಕರೇ ಊರೂರಿಗೆ ಹೋಗಿ ಕನ್ನಡದಲ್ಲಿ ಮಾತಾಡಿದರು, ಅವು ಸಣ್ಣ ಪುಸ್ತಕಗಳಾದವು. ಭೌತಶಾಸ್ತ್ರದ ಆರ್. ಎಲ್. ನರಸಿಂಹಯ್ಯನವರಂಥವರು ನಕ್ಷತ್ರಗಳ ವಿಷಯವನ್ನು ಸಾಮಾನ್ಯ ಓದುಗರಿಗೆ ಕನ್ನಡದಲ್ಲಿ ಬರೆದರು. ಆ ಕೆಲಸವನ್ನು ಅವರು ಹೊಸದಾಗಿ ಸೇರಿದ ಕಿರಿಯರ ತಲೆಗೆ ಕಟ್ಟಲಿಲ್ಲ.

ಕಾಶಿಯಲ್ಲೂ ಅಂಥ ಒಬ್ಬ ಮೇಷ್ಟ್ರಿದ್ದರು. ವೀರಭದ್ರ ಮಿಶ್ರ ಬನಾರಸ್ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರು, ಜಲವಿಜ್ಞಾನ ಅವರ ವಿಷಯ. ಸಂಕಟಮೋಚನ ದೇವಸ್ಥಾನದ ಮಹಾಂತರೂ ಅವರೇ. ಗಂಗಾಸ್ನಾನ ಅವರ ನಿತ್ಯಕರ್ಮ. ಮೀಯುವ ನೀರಿನಲ್ಲಿ ಎಷ್ಟು ಮಲಜನ್ಯ ಬ್ಯಾಕ್ಟೀರಿಯ ಇದೆ ಎಂದು ಎಣಿಸಲು ತುಳಸಿ ಘಾಟಿನಲ್ಲಿ ಪ್ರಯೋಗಾಲಯ ಮಾಡಿಸಿದವರು. 1982ರಲ್ಲಿ ಸಂಕಟಮೋಚನ ಪ್ರತಿಷ್ಠಾನ ಕಟ್ಟಿದರು. 1986ರಲ್ಲಿ ಇದೇ ವಾರಾಣಸಿಯಲ್ಲಿ ಗಂಗಾ ಕ್ರಿಯಾ ಯೋಜನೆ ಶುರುವಾದಾಗ ಸ್ವಾಗತಿಸಿದರು. ಕರೆಂಟು ಹೋದರೆ ಪಂಪು ನಿಂತು ಚರಂಡಿ ಮತ್ತೆ ನದಿಗೇ ಸೇರುತ್ತದೆ ಎಂಬ ಅದರ ದೋಷವನ್ನು ಲೆಕ್ಕಸಮೇತ ತೋರಿಸಿದವರೂ ಅವರೇ. ನಂಬಿಕೆ, ಎಂಜಿನಿಯರಿಂಗ್, ನಗರಾಡಳಿತ, ಕಾನೂನು ನಾಲ್ಕೂ ಒಂದೇ ನದಿಯ ಬಗ್ಗೆ ಮಾತಾಡುತ್ತಿವೆ ಎಂದು ಅವರಿಗೆ ಕಂಡಿತ್ತು. 2013ರಲ್ಲಿ ಅವರು ತೀರಿಕೊಂಡರು. ಸಾಮಾನ್ಯ ಶಿಕ್ಷಣದಿಂದ ಆಗಬೇಕಾದ್ದು ಅಂಥ ಕಣ್ಣು. ಎಲ್ಲರೂ ವೀರಭದ್ರ ಮಿಶ್ರ ಆಗಬೇಕಿಲ್ಲ. ಅವರು ಏನು ಹೇಳುತ್ತಿದ್ದಾರೆ ಎಂದು ಅರ್ಥವಾಗುವಷ್ಟು ಪದವೀಧರರಾದರೂ ಊರಿನಲ್ಲಿ ಇರಬೇಕು.

ಹಾಗಾದರೆ ಆಗಬೇಕಾದ್ದು ಇಷ್ಟು. ಎರಡೆರಡು ಕ್ರೆಡಿಟ್ಟಿನ ಹತ್ತು ಚೂರು ಕೋರ್ಸುಗಳ ಬದಲು, ವರ್ಷವಿಡೀ ನಡೆಯುವ ಒಂದೆರಡು ಕೋರ್ಸುಗಳು ಸಾಕು. ಅವನ್ನು ವಿಭಾಗದ ಹಿರಿಯರೇ ಕಲಿಸಲಿ, ಆ ಒಂದು ಗಂಟೆಯನ್ನು ಅವರ ವರ್ಕ್‌ಲೋಡಿನಲ್ಲಿ ಎರಡಾಗಿ ಎಣಿಸಲಿ. ಪಠ್ಯದ ಅರ್ಧ ಭಾಗ ಆ ಊರಿನದ್ದೇ ಆಗಿರಲಿ. ಭೇಲೂಪುರದಲ್ಲಿ ಅದು ನೀರಿನ ಘಟಕದಿಂದ ಶುರುವಾಗಿ, ವಾರಾಣಸಿ ಎಂಬ ಹೆಸರಿನಲ್ಲಿ ಪಾಲುಂಟೆಂದು ಜನ ನಂಬುವ, ಈಗ ನಾಲೆಯಾಗಿರುವ ಅಸ್ಸಿಯ ತನಕ ನಡೆದು ನೋಡುವ ಪಾಠವಾಗಬಹುದು. ಬೆಂಗಳೂರಿನ ಜ್ಞಾನಭಾರತಿಯಲ್ಲಾದರೆ ವೃಷಭಾವತಿ ಪಕ್ಕದಲ್ಲೇ ಹರಿಯುತ್ತದೆ, ವಾಸನೆಯೇ ದಾರಿ ತೋರಿಸುತ್ತದೆ. ಪರೀಕ್ಷೆ ಗೆರೆ ಎಳೆಯುವುದಾಗದೆ, ವಿದ್ಯಾರ್ಥಿ ತನ್ನ ಭಾಷೆಯಲ್ಲಿ ನಾಲ್ಕು ಪುಟ ಬರೆಯುವುದಾಗಲಿ. ಕನ್ನಡ ಕಡ್ಡಾಯವೇ ಎಂಬ ಜಗಳಕ್ಕೂ ಆಗ ಒಂದು ಅರ್ಥ ಬಂದೀತು. ಪಾಠದ ವಸ್ತು ಕಣ್ಣೆದುರಿಗೇ ಇದ್ದಾಗ ಒಂದು ಪಕ್ಷದ ಬೋಧೆಯನ್ನು ಅದರೊಳಗೆ ತುರುಕುವುದೂ ಅಷ್ಟು ಸುಲಭವಲ್ಲ.

ಇದಕ್ಕೆ ಹೊಸ ಆಯೋಗ ಬೇಡ. 1949ರ ವರದಿಯೇ ಸಾಲುತ್ತದೆ. ಮುಂದಿನ ವರ್ಷದ ಟೈಮ್‌ಟೇಬಲ್ ಹಾಕುವಾಗ ಪ್ರಾಂಶುಪಾಲರು ಮೊದಲು ಬರೆಯಬೇಕಾದ್ದು ಕಡ್ಡಾಯ ಪಾಠದ ಗಂಟೆ. ಅದರ ಮುಂದೆ ಬರೆಯಬೇಕಾದ್ದು ಕಾಲೇಜಿನ ಅತ್ಯುತ್ತಮ ಅಧ್ಯಾಪಕರ ಹೆಸರು.