ಡಾಕ್ಟರನ್ನು ಬೈಯುವ ಮುನ್ನ ನಿಮ್ಮ ಪ್ರಶ್ನೆ ನೋಡಿಕೊಳ್ಳಿ!



ನಿಮ್ಮಲ್ಲಿ ಮೆಡಿಕಲ್ ಓದುವವರಿದ್ದೀರಿ, ಆರೋಗ್ಯ ಸಮೀಕ್ಷೆಗೆ ದುಡಿಯುವವರಿದ್ದೀರಿ. ಥೀಸಿಸ್ಸಿಗೆಂದು ನೂರಾರು ಡಾಕ್ಟರಿಗೆ ಪ್ರಶ್ನಾವಳಿ ಕಳಿಸುತ್ತೀರಿ. ಬರುವ ಉತ್ತರ ಬೆರಳೆಣಿಕೆಯಷ್ಟು. ಆಗ ಕ್ಯಾಂಟೀನಿನಲ್ಲಿ ಕೂತು ಏನೆನ್ನುತ್ತೀರಿ? 'ಈ ಡಾಕ್ಟರುಗಳಿಗೆ ಕೊಬ್ಬು!'

ಸ್ವಲ್ಪ ತಡೆಯಿರಿ. 1951ರಲ್ಲಿ ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್, ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬಿಬ್ಬರು ಸುಮಾರು 60 ಸಾವಿರ ಡಾಕ್ಟರಿಗೆ ಅಂಚೆಯಲ್ಲಿ ಪ್ರಶ್ನೆ ಕಳಿಸಿದರು. ಈಗ ಸೇದುತ್ತೀರಾ? ಸೇದಿ ಬಿಟ್ಟಿದ್ದೀರಾ? ಸೇದಿಯೇ ಇಲ್ಲವೇ? ಸೇದುವುದಾದರೆ ಎಷ್ಟು? ಹೆಚ್ಚುಕಡಿಮೆ ಇಷ್ಟೇ. ಹೆಚ್ಚು ಜನ ಉತ್ತರಿಸಲಿ ಎಂದೇ ಪ್ರಶ್ನಾವಳಿಯನ್ನು ಬೇಕೆಂತಲೇ ಚಿಕ್ಕದು ಮಾಡಿದ್ದರು. 40 ಸಾವಿರಕ್ಕೂ ಮಿಕ್ಕಿ ಡಾಕ್ಟರು ಉತ್ತರ ಬರೆದರು!

ಆಮೇಲೆ ಅವರಲ್ಲಿ ಯಾರು ಯಾವ ಕಾಯಿಲೆಯಿಂದ ಸತ್ತರೆಂದು ಲೆಕ್ಕವಿಟ್ಟರು. 2004ರಲ್ಲಿ 50 ವರ್ಷಗಳ ಲೆಕ್ಕ ಹೊರಬಂತು. ಸಿಗರೇಟು ಬಿಡದವರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ಸಾಯುತ್ತಾರೆ. 30ರ ಸುಮಾರಿಗೆ ಬಿಟ್ಟರೆ ಆ ಹತ್ತು ವರ್ಷವೂ ಹೆಚ್ಚುಕಡಿಮೆ ಉಳಿಯುತ್ತದೆ. ಜೇಬಿನಲ್ಲಿ ಪ್ಯಾಕೆಟ್ ಇಟ್ಟುಕೊಂಡು ಓದುತ್ತಿರುವ ತಮ್ಮಾ, ಇದು ನಿನಗೇ ಹೇಳಿದ ಮಾತು!

ಉತ್ತರಿಸದವರ ಕಥೆಯೇನು? ಮೊದಮೊದಲ ವರ್ಷಗಳಲ್ಲಿ, ಉತ್ತರ ಬರೆದವರಲ್ಲಿ ಸಾವಿನ ಪ್ರಮಾಣ ಒಟ್ಟು ಡಾಕ್ಟರುಗಳಿಗಿಂತ ಕಡಿಮೆಯಿತ್ತು. ಕಾರಣ ಸರಳ: ಸಾಯುವಷ್ಟು ಕಾಯಿಲೆ ಬಿದ್ದವನು ಪ್ರಶ್ನಾವಳಿ ತುಂಬುತ್ತಾ ಕೂರುತ್ತಾನೆಯೇ? ಅಂದರೆ ಸುಮ್ಮನಿದ್ದವರು ಉತ್ತರಿಸಿದವರಂತೆಯೇ ಇರುವುದಿಲ್ಲ. ನಿಮ್ಮ ಕೈಗೆ ಬಂದ ಹತ್ತಿಪ್ಪತ್ತು ಉತ್ತರವನ್ನೇ 'ಡಾಕ್ಟರುಗಳ ಅಭಿಪ್ರಾಯ' ಎಂದು ಅಚ್ಚು ಹಾಕಿಸಿದರೆ ಅದು ಸಂಶೋಧನೆಯಲ್ಲ, ಕಣ್ಕಟ್ಟು!

ಹಾಗಾದರೆ ಮಾಡುವುದೇನು? ದಾರಿಗಳನ್ನು ಪ್ರಯೋಗ ಮಾಡಿಯೇ ಕಂಡುಕೊಂಡಿದ್ದಾರೆ. ಪ್ರಶ್ನೆ ಕಡಿಮೆ ಮಾಡಿ. ಹೆಸರು ಹಿಡಿದು ಬರೆಯಿರಿ. ಅಂಚೆಚೀಟಿ ಅಂಟಿಸಿದ ಮರುಲಕೋಟೆ ಇಡಿ. ಉತ್ತರ ಬಾರದಿದ್ದರೆ ನೆನಪಿಸಿ, ಪ್ರಶ್ನಾವಳಿಯ ಇನ್ನೊಂದು ಪ್ರತಿಯನ್ನೂ ಕಳಿಸಿ. 'ತುಂಬಿದರೆ ಹಣ ಕೊಡುತ್ತೇವೆ' ಎಂಬ ಆಸೆಗಿಂತ, ಪತ್ರದ ಜೊತೆಗೇ ಇಟ್ಟ ಸಣ್ಣ ಗೌರವಧನ ಹೆಚ್ಚು ಕೆಲಸ ಮಾಡುತ್ತದೆ. ಮೊದಲೇ ಕೈಯಲ್ಲಿಟ್ಟರೆ ಅದು ನಂಬಿಕೆ, ಆಮೇಲೆ ಎಂದರೆ ಅದು ಕೂಲಿ. ಮೊಬೈಲಿಗೊಂದು ಲಿಂಕ್ ಎಸೆದು ಕೈ ತೊಳೆದುಕೊಳ್ಳಬೇಡಿ; ಡಾಕ್ಟರ ವಿಷಯದಲ್ಲಿ ಕಾಗದಕ್ಕೆ ಇನ್ನೂ ಬೆಲೆಯಿದೆ.

ಓಪಿಡಿ ಮುಂದಿನ ಸಾಲು ನೋಡಿದ್ದೀರಲ್ಲ? ನೀವು ಕೇಳುವ ಹತ್ತು ನಿಮಿಷ ಆ ಸಾಲಿನ ಯಾರೋ ಒಬ್ಬರ ಪಾಲಿನದು. ಅಷ್ಟು ಬೆಲೆಯ ಪ್ರಶ್ನೆ ನಿಮ್ಮಲ್ಲಿದ್ದರೆ ಮಾತ್ರ ಕೇಳಿ.

ಡಾಕ್ಟರೇ, ನಿಮಗೂ ಒಂದು ಮಾತು. ರೋಗಿ ನಿಮ್ಮ ಪ್ರಶ್ನೆಗೆಲ್ಲ ಮುಚ್ಚುಮರೆಯಿಲ್ಲದೆ ಉತ್ತರ ಹೇಳುತ್ತಾನೆ. ನ್ಯಾಯವಾದ ನಾಲ್ಕು ಪ್ರಶ್ನೆ ಬಂದಾಗ ನೀವೂ ಪೆನ್ನು ತೆಗೆಯಿರಿ!