ಫೋನಿನೊಳಗಿನ ದುಡ್ಡಿಗೆ ಯಾರು ಕಾವಲು?

ಗುಬ್ಬಿಯ ಸಂತೆಯಲ್ಲಿ ಸೊಪ್ಪು ಮಾರುವವರಿಂದ ಹಿಡಿದು ತುಮಕೂರಿನ ಮಂಡಿಪೇಟೆಯ ಅಂಗಡಿಗಳವರೆಗೆ ಈಗ ಎಲ್ಲೆಡೆ ಕ್ಯೂಆರ್ ಕೋಡಿನ ಚೀಟಿ ಕಾಣುತ್ತದೆ. ಕುಣಿಗಲ್ ಬಸ್ ನಿಲ್ದಾಣದಲ್ಲಿ ಟೀ ಕುಡಿದವರು ಜೇಬಿಗೆ ಕೈ ಹಾಕುವುದು ಚಿಲ್ಲರೆಗಲ್ಲ, ಫೋನಿಗೆ. ನೋಟು ಮುಟ್ಟದೆ ದುಡ್ಡು ಕೊಡುವ ಈ ಪದ್ಧತಿ ಎಷ್ಟು ಭದ್ರ ಎಂದು ಕೇಳಿದರೆ ಬ್ಯಾಂಕಿನವರೂ ಪೊಲೀಸರೂ ಕೊಡುವ ಉತ್ತರ ಒಂದೇ: ಹುಷಾರಾಗಿರಿ. ನನ್ನ ತಕರಾರು ಇರುವುದೇ ಈ ಉತ್ತರದ ಮೇಲೆ.

ಬಹಳ ಜನರ ಭಯ ಯಂತ್ರದ ಬಗ್ಗೆ. ತುಂಬಿದ ಬಸ್ಸಿನಲ್ಲಿ ಪಕ್ಕದವನು ಯಾವುದೋ ಯಂತ್ರ ತಾಗಿಸಿ ಫೋನಿನಿಂದಲೇ ಹಣ ಎಳೆದುಬಿಟ್ಟರೆ? ಫೋನನ್ನು ತಾಗಿಸಿ ಪಾವತಿಸುವ ಎನ್‌ಎಫ್‌ಸಿ ತಂತ್ರಜ್ಞಾನ ಕೆಲಸ ಮಾಡುವುದು ಕೆಲವೇ ಸೆಂಟಿಮೀಟರ್ ಅಂತರದಲ್ಲಿ. ಆಗಲೂ ಅಂಗಡಿಯ ಯಂತ್ರಕ್ಕೆ ಸಿಗುವುದು ಕಾರ್ಡಿನ ಅಸಲಿ ಸಂಖ್ಯೆಯ ಬದಲು ಒಂದು ಟೋಕನ್, ಜೊತೆಗೆ ಆ ಒಂದು ವ್ಯವಹಾರಕ್ಕೆ ಮಾತ್ರ ಸಲ್ಲುವ ಸಂಕೇತ. ಅದನ್ನು ಕದ್ದಿಟ್ಟುಕೊಂಡರೂ ಮತ್ತೆ ಬಳಸಲಾಗದು. ಹಾಗೆ ನೋಡಿದರೆ, ಪಿನ್ ಇಲ್ಲದೆ 5,000 ರೂಪಾಯಿವರೆಗೆ ತಾಗಿಸಿ ಖರ್ಚು ಮಾಡಬಹುದಾದ ಪ್ಲಾಸ್ಟಿಕ್ ಕಾರ್ಡಿಗಿಂತ ಲಾಕ್ ಇರುವ ಫೋನೇ ಮೇಲು. ಆದರೂ ವದಂತಿಗೆ ಕಾಲು ಹೆಚ್ಚು. 2022ರಲ್ಲಿ, ಕಾರಿನ ಗಾಜು ಒರೆಸುವ ಹುಡುಗ ಕೈಗಡಿಯಾರದಿಂದ ಫಾಸ್ಟ್ಯಾಗ್ ಹಣ ಕದ್ದನೆಂಬ ವಿಡಿಯೊ ದೇಶವೆಲ್ಲ ಸುತ್ತಿತು. ಅದು ಶುದ್ಧ ಸುಳ್ಳು.

ದುಡ್ಡು ನಿಜಕ್ಕೂ ಹೋಗುವುದು ಮಾತಿನಿಂದ. 'ನಿಮಗೆ ಹಣ ಬರುತ್ತದೆ, ಪಿನ್ ಒತ್ತಿ' ಎಂದು ಅತ್ತಲಿನವನು ಹೇಳುತ್ತಾನೆ, ಇತ್ತಲಿನವರು ಒತ್ತುತ್ತಾರೆ. ಹಣ ಪಡೆಯಲು ಪಿನ್ ಬೇಡವೆಂದು ವರ್ಷಗಟ್ಟಲೆ ಜಾಹೀರಾತು ಕೊಟ್ಟದ್ದಾಯಿತು, ಎಸ್ಸೆಮ್ಮೆಸ್ ಕಳಿಸಿದ್ದಾಯಿತು. ಮೋಸ ನಿಲ್ಲಲಿಲ್ಲ. ಕೊನೆಗೆ, ಯುಪಿಐ ಪಾವತಿ ವ್ಯವಸ್ಥೆಯನ್ನು ನಡೆಸುವ ಎನ್‌ಪಿಸಿಐ, ಅದರಲ್ಲಿ ಒಬ್ಬ ವ್ಯಕ್ತಿ ಇನ್ನೊಬ್ಬರಿಂದ ಹಣ ಕೋರುವ 'ಕಲೆಕ್ಟ್' ಸೌಲಭ್ಯವನ್ನೇ 2025ರ ಅಕ್ಟೋಬರ್ 1ರಿಂದ ತೆಗೆದುಹಾಕಿತು. ಆ ಬಾಗಿಲು ಮುಚ್ಚಿದ್ದು ಉಪದೇಶದಿಂದಲ್ಲ, ಬಾಗಿಲನ್ನೇ ಕಿತ್ತು ಗೋಡೆ ಕಟ್ಟಿದ್ದರಿಂದ. ಇದನ್ನು ಇಷ್ಟು ತಡವಾಗಿ ಮಾಡಿದ್ದೇಕೆ ಎಂದು ಯಾರೂ ಕೇಳಿದಂತಿಲ್ಲ.

ಕಾನೂನಿನ ಲೆಕ್ಕವೂ ಹುಷಾರಿನ ಮೇಲೆಯೇ ನಿಂತಿದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಬ್ಯಾಂಕಿನದೂ ಗ್ರಾಹಕನದೂ ಅಲ್ಲದ ತಪ್ಪಿನಿಂದ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕನದಲ್ಲ. ಆದರೆ ಗುಟ್ಟಿನ ಸಂಖ್ಯೆಯನ್ನು ತಾನೇ ಹೇಳಿಬಿಟ್ಟಿದ್ದರೆ ಅದು ನಿರ್ಲಕ್ಷ್ಯ. ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟವೆಲ್ಲ ಅವನದೇ. ದಿನವಿಡೀ ಅದೇ ಕಸುಬು ಮಾಡುವ ವಂಚಕನ ಎದುರು, ಗಿರಾಕಿ ಸಂಭಾಳಿಸುತ್ತಾ ಫೋನ್ ಎತ್ತಿಕೊಂಡ ಅಂಗಡಿಯವರನ್ನು ನಿಲ್ಲಿಸಿ 'ನೀವು ಎಚ್ಚರ ತಪ್ಪಿದಿರಿ' ಎನ್ನುವುದು ಯಾವ ಸೀಮೆಯ ನ್ಯಾಯ?

ಮನುಷ್ಯ ಎಚ್ಚರ ತಪ್ಪಿಯೇ ತಪ್ಪುತ್ತಾನೆಂದು ಒಪ್ಪಿಕೊಂಡು, ತಪ್ಪಿದಾಗ ಹೋಗುವ ಮೊತ್ತಕ್ಕೆ ಮಿತಿ ಹಾಕುವುದೇ ನಿಜವಾದ ಭದ್ರತೆ. ಸಣ್ಣ ಪಾವತಿಗೆಂದೇ ಇರುವ ಯುಪಿಐ ಲೈಟ್ ಈ ದಾರಿಯದು. ಒಂದು ಸಲಕ್ಕೆ 1,000 ರೂಪಾಯಿವರೆಗೆ ಪಿನ್ ಕೇಳುವುದಿಲ್ಲ, ಆದರೆ ಅದರಲ್ಲಿ ಇಡಬಹುದಾದದ್ದೇ 5,000. ಪಿನ್ ಇಲ್ಲದ್ದು ಅಪಾಯವೆಂದು ಮೇಲ್ನೋಟಕ್ಕೆ ಅನಿಸುತ್ತದೆ. ಪಿನ್ ಇರುವ ಖಾತೆಯಿಂದ ಲಕ್ಷ ಹೋಗುವುದಕ್ಕಿಂತ ಅದು ವಾಸಿ.

ಮಿತಿ ಹಾಕಿದರೆ ವ್ಯಾಪಾರ ಕೆಡುತ್ತದೆ ಎನ್ನುವವರಿದ್ದಾರೆ. ಗುಬ್ಬಿಯಲ್ಲಿ ಅಡಿಕೆ ಕೊಳ್ಳುವವರು ಕೊಡುವ ದುಡ್ಡು ಕ್ಷಣದಲ್ಲಿ ಮುಟ್ಟಬೇಕು, ಹೌದು. ಆದರೆ ಅವರು ಕೊಡುವುದು ಹೆಚ್ಚಾಗಿ ಗೊತ್ತಿರುವ ರೈತರಿಗೆ, ಗೊತ್ತಿರುವ ಮಂಡಿಗೆ. ಹಿಂದೆಂದೂ ಹಣ ಕಳಿಸಿರದ ಖಾತೆಗೆ ದೊಡ್ಡ ಮೊತ್ತ ಹೊರಟಾಗ ಮಾತ್ರ ಬ್ಯಾಂಕು ಕೆಲವು ಗಂಟೆ ತಡೆದು ನಿಲ್ಲಿಸಲಿ. ವಂಚಕನ ಬಲವೆಲ್ಲ ಇರುವುದು ಅವಸರಪಡಿಸುವುದರಲ್ಲಿ. ತಡವಾದಷ್ಟೂ ಮನೆಯವರು ಯಾರಾದರೂ 'ಯಾರಿಗೆ ಕಳಿಸ್ತಿದ್ದೀರಿ?' ಎಂದು ಕೇಳುವ ಸಂಭವ ಹೆಚ್ಚು.

ಬ್ಯಾಂಕುಗಳು ಇದನ್ನು ಮಾಡುವ ತನಕ ಕಾಯಬೇಡಿ. ಅಡಿಕೆ, ತೆಂಗು ಮಾರಿದ ದುಡ್ಡು ಬೀಳುವ ಖಾತೆಯನ್ನು ಫೋನಿಗೆ ಜೋಡಿಸಬೇಡಿ; ಫೋನಿಗೆಂದು ಬೇರೆಯೇ ಖಾತೆ ತೆರೆದು, ವಾರದ ಖರ್ಚಿಗೆ ಬೇಕಾದಷ್ಟೇ ಹಾಕಿಡಿ. ಹಣ ಹೋಯಿತೆಂದು ಗೊತ್ತಾದರೆ ನಾಚಿಕೆಯಿಂದ ಬಚ್ಚಿಡದೆ ಆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.